ಮುನ್ ಮೇಲೆ ಡಬ್ಲ್ಯೂ ಒತ್ತಿದರೆ ರೋವರ್ ಮಕಾಡೆ ಬೀಳುತ್ತೆ, ರನ್‌ವೇಲಿ ಸರಿಯಾಗೇ ಓಡ್ತಿತ್ತು

ಅರ್ಧಕಪ್‌ಕಾಫಿ · ಶುಕ್ರವಾರ ರಾತ್ರಿ 11:52

ಎಲ್ಲರಿಗೂ ನಮಸ್ಕಾರ. ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ (ರಾಕೆಟ್ ಕಟ್ಟಿ ಹಾರಿಸೋ ಕಂಪ್ಯೂಟರ್ ಆಟ), ಆವೃತ್ತಿ 1.12, ಕರಿಯರ್ ಮೋಡ್, ಮಾಡ್ ಒಂದೂ ಹಾಕಿಲ್ಲ. ಎರಡು ವಾರ ಕೂತು ಒಂದು ರೋವರ್ ಕಟ್ಟಿದೆ. ಮೂರು ರಾಕೆಟ್ ಸಿಡಿದವು. ನಾಲ್ಕನೆಯದು ನಿನ್ನೆ ರಾತ್ರಿ ಮುನ್ ಮೇಲೆ, ಅಂದ್ರೆ ಈ ಆಟದ ಚಂದ್ರನ ಮೇಲೆ, ಹೂವಿನ ಹಾಗೆ ಇಳಿಯಿತು. ಆ ಖುಷಿಗೆ ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದು, ನೆಮ್ಮದಿಯಾಗಿ ಕೂತು ಗಾಡಿ ಮುಂದೆ ಓಡಿಸೋ ಡಬ್ಲ್ಯೂ ಕೀಲಿ ಒತ್ತಿದೆ. ಒಂದು ಮೀಟರ್ ಕೂಡ ಹೋಗಲಿಲ್ಲ. ಮಕಾಡೆ ಬಿತ್ತು.

ಗಾಡಿ ಹೀಗಿದೆ: ಎಂಕೆ1 ಲ್ಯಾಂಡರ್ ಕ್ಯಾನ್ ಕ್ಯಾಬಿನ್, ಒಳಗೆ ಗಗನಯಾತ್ರಿ ಬಾಬ್. ನಾಲ್ಕು ರೋವ್‌ಮ್ಯಾಕ್ಸ್ ಎಂ1 ಚಕ್ರ. ಒಂದು ಆಕ್ಟೋ ಪ್ರೋಬ್ ಕೋರ್ (ಆಳಿಲ್ಲದೆ ಗಾಡಿ ನಡೆಸೋ ಕಂಪ್ಯೂಟರ್). ಕಕ್ಷೆಯಲ್ಲಿ ತಿರುಗಿಸೋಕೆ ಅಂತ ಒಂದು ಸಣ್ಣ ರಿಯಾಕ್ಷನ್ ವೀಲ್ (ಒಳಗೇ ಸುತ್ತಿ ಗಾಡಿಯ ಮೈ ತಿರುಗಿಸೋ ಚಕ್ರ). ನಾಲ್ಕು ಝಡ್-100 ಬ್ಯಾಟರಿ, ಮೇಲೆ ಚಪ್ಪಟೆ ಸೋಲಾರ್ ಪ್ಯಾನೆಲ್. ಒಟ್ಟು ತೂಕ 1.8 ಟನ್, ಮುಂದಿನ ಹಿಂದಿನ ಚಕ್ರದ ನಡುವೆ ಸುಮಾರು 2.4 ಮೀಟರ್.

ರನ್‌ವೇ ಮೇಲೆ ಸೆಕೆಂಡಿಗೆ 20 ಮೀಟರ್ ಹೊಡೆಸಿ ನೋಡಿಯೇ ಕಳಿಸಿದ್ದು. ಅಲ್ಲಿ ಏನೂ ಆಗಿರಲಿಲ್ಲ. ಇನ್ನೊಂದು, ಇಲ್ಲಿ ಅಪ್ಪಿತಪ್ಪಿ ಬೀಳದೆ ನಾಲ್ಕು ಹೆಜ್ಜೆ ಹೋದರೂ ಎಡಕ್ಕೇ ಎಳೆಯುತ್ತೆ. ಉಳಿಸಿಟ್ಟ ಆಟ ಮತ್ತೆ ಲೋಡ್ ಮಾಡೋ ಎಫ್9 ಒತ್ತಿ ಒತ್ತಿ ಕೀಲಿಯ ಮೇಲಿನ ಅಕ್ಷರ ಅಳಿಸಿಹೋಗ್ತಿದೆ. ಯಾರಾದ್ರೂ ದಾರಿ ತೋರಿಸಿ.

ಕಡಲತಡಿ · ಶನಿವಾರ ಬೆಳಿಗ್ಗೆ 7:10

ಎಂತ ಮಾರಾಯ್ರೆ, ಇಷ್ಟು ಸಣ್ಣ ವಿಷಯಕ್ಕೆ ನಿದ್ದೆ ಕೆಟ್ಟದ್ದಾ? ಗಾಡಿಗೆ ಬ್ಯಾಲೆನ್ಸ್ ಇಲ್ಲ ಅಷ್ಟೇ. ಇನ್ನೊಂದು ರಿಯಾಕ್ಷನ್ ವೀಲ್ ಹಾಕಿ, ಎಸ್‌ಎಎಸ್ (ಮೂತಿ ಅಲುಗದ ಹಾಗೆ ಆಟವೇ ಹಿಡಿಯುದು) ಆನ್ ಮಾಡಿ ಬಿಡಿ, ಗೂಟ ಹುಗಿದ ಹಾಗೆ ನಿಲ್ತದೆ. ನಾನು ವಿಮಾನಕ್ಕೆಲ್ಲ ಹಾಗೇ ಮಾಡುದು.

ನಡುರಾತ್ರಿ · ಶನಿವಾರ ಬೆಳಿಗ್ಗೆ 7:31

ಮೋಟರ್ ಪವರ್ ಜಾಸ್ತಿ ಆಗಿದೆ ಅನ್ಸುತ್ತೆ ಅಣ್ಣ. ಚಕ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಡ್ರೈವ್ ಲಿಮಿಟರ್ ಇಳಿಸಿ. ಮುನ್‌ನಲ್ಲಿ ಗುರುತ್ವ ಕಮ್ಮಿ ಅಲ್ವಾ.

ಅರ್ಧಕಪ್‌ಕಾಫಿ · ಶನಿವಾರ ಬೆಳಿಗ್ಗೆ 9:05

ಡ್ರೈವ್ ಲಿಮಿಟರ್ 20ಕ್ಕೆ ಇಳಿಸಿದೆ. ಬೀಳೋದು ಬಿದ್ದೇ ಬಿತ್ತು. ಎಸ್‌ಎಎಸ್ ಆನ್ ಮಾಡಿದಾಗ ನಿಂತಲ್ಲಿ ಸರಿಯಾಗಿ ನಿಲ್ಲುತ್ತೆ, ಡಬ್ಲ್ಯೂ ಹಿಡಿದ ಕೂಡಲೇ ಅದೇ ಕಥೆ. ಇನ್ನೊಂದು ರಿಯಾಕ್ಷನ್ ವೀಲ್ ಹಾಕೋಣ ಅಂದ್ರೆ ಗಾಡಿ ಮುನ್ ಮೇಲಿದೆಯಲ್ಲ ಸಾರ್.

ಗಿರ್ಮಿಟ್‌ರಾಕೆಟ್ · ಶನಿವಾರ ಬೆಳಿಗ್ಗೆ 10:40

ಹಾಕಬ್ಯಾಡ್ರಿ, ಪುಣ್ಯಾ ಬರ್ತೈತಿ.

ಮೊದ್ಲ ಒಂದು ಮಾತು ಹೇಳ್ರಿ. ನೀವು ‘ಮಕಾಡೆ’ ಅಂತ ಬರದೀರಿ. ಖರೇನ ಮಕಾಡೆನೋ, ಅಂಗಾತನೋ? ಅಂದ್ರ ಹಿಂದಿನ ಗಾಲಿ ಎದ್ದು ಮೂತಿ ಮಣ್ಣಿಗೆ ಹತ್ತತೈತೋ, ಮುಂದಿನ ಗಾಲಿ ಎದ್ದು ಬೆನ್ನಿನ ಮ್ಯಾಲೆ ಬೀಳತೈತೋ? ಇದರ ಮ್ಯಾಲೆ ಎಲ್ಲಾ ಐತಿ. ಅಂದಾಜಿಲೆ ಹೇಳಬ್ಯಾಡ್ರಿ, ಇನ್ನೊಮ್ಮೆ ಲೋಡ್ ಮಾಡಿ, ಕ್ಯಾಮೆರಾ ಮಗ್ಗಲಕ್ಕ ಇಟ್ಟು ನೋಡಿ ಬಂದು ಹೇಳ್ರಿ.

ಅರ್ಧಕಪ್‌ಕಾಫಿ · ಶನಿವಾರ ಬೆಳಿಗ್ಗೆ 11:02

ನೋಡಿದೆ. ಹಿಂದಿನ ಚಕ್ರ ಎರಡೂ ಒಟ್ಟಿಗೆ ನೆಲ ಬಿಡುತ್ತವೆ. ಮೂತಿ ಕೆಳಗೆ. ನಮಸ್ಕಾರ ಹಾಕಿದ ಹಾಗೆ. ಖರೇನೇ ಮಕಾಡೆ.

ಎಸ್ ಒತ್ತಿದರೆ ಉಲ್ಟಾ, ಮುಂದಿನ ಚಕ್ರ ಏಳುತ್ತೆ.

ತುಕ್ಕುಬೋಲ್ಟ್ · ಶನಿವಾರ ಮಧ್ಯಾಹ್ನ 12:20

ಹಾಗಿದ್ದರೆ ಮೋಟರ್ ನಿರಪರಾಧಿ. ನಮ್ಮ ಊರ ಕಡೆ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತೆ ಅಂತ ನೋಡಿದವರಿಗೆ ಗೊತ್ತು. ಹಿಂದಿನ ಗಾಲಿ ಅಲ್ಲೇ ಕಚ್ಚಿಕೊಂಡು ಮೂತಿ ಮೇಲೇಳುತ್ತೆ. ಗಾಲಿಯನ್ನು ಮುಂದಕ್ಕೆ ತಿರುಗಿಸುವ ಯಾವ ಮೋಟರೇ ಆಗಲಿ ಗಾಡಿಯ ಮೈಯನ್ನು ಹಿಂದಕ್ಕೆ ತಿರುಗಿಸುತ್ತೆ. ಅದು ಅಂಗಾತ ಬೀಳಿಸುತ್ತೆ, ಮಕಾಡೆ ಅಲ್ಲ. ನಿಮ್ಮದು ಮಕಾಡೆ ಬೀಳುತ್ತಿದೆ ಅಂದರೆ ಇನ್ಯಾರೋ ಹಿಂದಿನಿಂದ ಎತ್ತುತ್ತಿದ್ದಾರೆ.

ಆ ಇನ್ಯಾರೋ ಅಂದರೆ ರಿಯಾಕ್ಷನ್ ವೀಲ್. ಈ ಆಟದಲ್ಲಿ ಡಬ್ಲ್ಯೂ ಕೀಲಿಗೆ ಎರಡು ಕೆಲಸ: ಚಕ್ರಕ್ಕೆ ‘ಮುಂದೆ ಹೋಗು’, ರಿಯಾಕ್ಷನ್ ವೀಲ್‌ಗೆ ‘ಮೂತಿ ಕೆಳಗೆ ಮಾಡು’. ಎರಡೂ ಒಟ್ಟಿಗೆ ನಡೆಯುತ್ತವೆ.

ರನ್‌ವೇ ಮೇಲೆ ಯಾಕೆ ಆಗಲಿಲ್ಲ ಅನ್ನುವುದಕ್ಕೆ ಲೆಕ್ಕ ಹಾಕಿದೆ. 1.8 ಟನ್ ಗಾಡಿ, ಈ ಆಟದ ಭೂಮಿಯಾದ ಕರ್ಬಿನ್‌ನಲ್ಲಿ ಗುರುತ್ವ 9.81. ನೆಲಕ್ಕೆ ಒತ್ತುವ ಬಲ ಸುಮಾರು 17.7 ಕಿಲೋನ್ಯೂಟನ್. ಭಾರದ ನಟ್ಟನಡುವಿನಿಂದ ಮುಂದಿನ ಗಾಲಿಗೆ 1.2 ಮೀಟರ್. ಮಗುಚಬೇಕಾದರೆ ಎರಡನ್ನೂ ಗುಣಿಸಿದಷ್ಟು, ಅಂದರೆ 21 ಕಿಲೋನ್ಯೂಟನ್ ಮೀಟರ್ ತಿರುಚುವ ಬಲ ಬೇಕು. ನಿಮ್ಮ ಸಣ್ಣ ರಿಯಾಕ್ಷನ್ ವೀಲ್ ಕೊಡುವುದು 5. ಲ್ಯಾಂಡರ್ ಕ್ಯಾನ್ ಒಳಗಿರುವುದನ್ನು ಸೇರಿಸಿದರೂ 21 ಮುಟ್ಟುವುದಿಲ್ಲ. ಅಲ್ಲಿ ಅದು ಆನೆಯನ್ನು ಎತ್ತಲು ಹೊರಟ ಇರುವೆ.

ಮುನ್‌ನಲ್ಲಿ ಗುರುತ್ವ 1.63. ಅದೇ ಗಾಡಿಯನ್ನು ಮಗುಚಲು ಅಲ್ಲಿ 3.5 ಸಾಕು. ನಿಮ್ಮ ಹತ್ತಿರ 5ಕ್ಕಿಂತ ಜಾಸ್ತಿ ಇದೆ. ಆಟದ ಇನ್ನೊಂದು ಚಿಕ್ಕ ಚಂದ್ರ ಮಿನ್ಮಸ್‌ಗೆ ಹೋದರೆ ಬರೀ 1 ಸಾಕು, ಅಲ್ಲಿ ಕ್ಯಾನ್ ಒಂದೇ ನಿಮ್ಮನ್ನು ಉರುಳಿಸುತ್ತೆ.

ಕಡಲತಡಿ ಅವರೇ, ಬೇಜಾರಾಗಬೇಡಿ, ನೀವು ಹೇಳಿದ್ದು ಬೆಂಕಿಗೆ ತುಪ್ಪ.

ಕಡಲತಡಿ · ಶನಿವಾರ ಮಧ್ಯಾಹ್ನ 12:44

ಅಯ್ಯೋ ದೇವರೇ. ಎರಡು ವರ್ಷದಿಂದ ನನ್ನ ರೋವರ್ ಎಲ್ಲ ಬೀಳುದು ಇದಕ್ಕೇಯಾ? ನಾನು ಪ್ರತಿ ಸಲ ಇನ್ನೊಂದು ರಿಯಾಕ್ಷನ್ ವೀಲ್ ಹಾಕ್ತಾ ಇದ್ದೆ. ಈಗ ನಾಲ್ಕು ಉಂಟು.

ಸಂಧ್ಯಾತಾರೆ · ಶನಿವಾರ ಮಧ್ಯಾಹ್ನ 1:15

ತುಕ್ಕುಬೋಲ್ಟ್ ಲೆಕ್ಕ ಸರಿ ಇದೆ. ಸರಿಪಡಿಸೋಕೆ ದಾರಿ ಮೂರ್ನಾಲ್ಕಿವೆ, ಗಾಡಿ ಮುನ್ ಮೇಲಿದ್ದರೂ ಎಲ್ಲವನ್ನೂ ಮಾಡಬಹುದು.

ಶಾಶ್ವತ ಮದ್ದು ಅಂದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಚಕ್ರದ ಕೀಲಿಗಳನ್ನೇ ಬೇರೆ ಮಾಡೋದು. ನಾನು ನಂಬರ್ ಪ್ಯಾಡ್ ಇಟ್ಟುಕೊಂಡಿದ್ದೇನೆ: 8 ಮುಂದೆ, 5 ಹಿಂದೆ, 4 ಮತ್ತು 6 ಎಡ ಬಲ. ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಇಲ್ಲದವರು ಬೇರೆ ಖಾಲಿ ಕೀಲಿ ನೋಡಿಕೊಳ್ಳಿ. ಒಂದು ಸಲ ಮಾಡಿದರೆ ಜನ್ಮಕ್ಕೆ ಸಾಕು. ಡಬ್ಲ್ಯೂ ಕೀಲಿ ರಾಕೆಟ್‌ಗೇ ಮೀಸಲು.

ಅರ್ಜೆಂಟಿಗೆ ಬೇಕು ಅಂದ್ರೆ ರಿಯಾಕ್ಷನ್ ವೀಲ್ ಮೇಲೆ ರೈಟ್ ಕ್ಲಿಕ್ ಮಾಡಿ ಟಾರ್ಕ್ ಆಫ್ ಮಾಡಿ. ಲ್ಯಾಂಡರ್ ಕ್ಯಾನ್‌ನಲ್ಲೂ ಒಂದಿದೆ, ಅದನ್ನೂ ಮರೀಬೇಡಿ. ಹೊರಗಿರೋದನ್ನು ಮಾತ್ರ ಆಫ್ ಮಾಡಿ ‘ಆದ್ರೂ ಬೀಳುತ್ತೆ’ ಅಂತ ವಾಪಸ್ ಬರೋರು ಬಹಳ ಜನ. ಇಲ್ಲಾಂದ್ರೆ ಅದರ ಮೋಡ್ ‘ಎಸ್‌ಎಎಸ್ ಓನ್ಲಿ’ಗೆ ಬದಲಿಸಿ, ಆಗ ನಿಮ್ಮ ಕೀಲಿಗೆ ಅದು ಕಿವಿಗೊಡಲ್ಲ. ಆದರೆ ಕರಿಯರ್ ಮೋಡ್‌ನಲ್ಲಿ ಬಾಬ್ ವಿಜ್ಞಾನಿ, ಅವನೊಬ್ಬನಿಂದ ಎಸ್‌ಎಎಸ್ ಬರಲ್ಲ. ನಿಮಗೆ ಬರ್ತಿರೋದು ಆಕ್ಟೋ ಇರೋದ್ರಿಂದ.

ಡಾಕಿಂಗ್ ಮೋಡ್‌ಗೆ (ನೌಕೆಗೆ ನೌಕೆ ಜೋಡಿಸೋಕೆ ಇರೋದು) ಹಾಕಿಕೊಂಡು ಓಡಿಸೋದೂ ಒಂದು ಉಪಾಯ. ಆಗ ಡಬ್ಲ್ಯೂ ಒತ್ತಿದರೂ ಮೂತಿ ಬಾಗಲ್ಲ. ಆರ್‌ಸಿಎಸ್ (ಅನಿಲ ಚಿಮ್ಮಿಸಿ ತಳ್ಳೋ ಸಣ್ಣ ನಳಿಗೆಗಳು) ಇದ್ದರೆ ಆಫ್ ಇರಲಿ, ಇಲ್ಲಾಂದ್ರೆ ಅನಿಲ ಎಲ್ಲ ಉಫ್.

ಗಿರ್ಮಿಟ್‌ರಾಕೆಟ್ · ಶನಿವಾರ ಮಧ್ಯಾಹ್ನ 1:50

ಅಕ್ಕಾರು ಹೇಳಿದ್ದು ಅಗದಿ ಬರೋಬ್ಬರಿ. ಕಡಲತಡಿಯವರದನ್ನೂ ಪೂರಾ ತಗದು ಒಗಿಬ್ಯಾಡ್ರಿ. ಗುಡ್ಡ ಇಳಿಯುವಾಗ ಗಾಡಿ ಜಿಗದು ನಾಲ್ಕೂ ಗಾಲಿ ಗಾಳ್ಯಾಗ ಇದ್ದಾಗ, ಅವಾಗ ರಿಯಾಕ್ಷನ್ ವೀಲ್ ಬೇಕಾಗ್ತೈತಿ. ಅದಿಲ್ಲಂದ್ರ ಹೆಂಗ ಎದ್ದಿತ್ತೋ ಹಂಗ ಬೀಳತೈತಿ. ನಾನು ಟಾರ್ಕ್ ಚಾಲೂ ಇಟ್ಟು ಕೀಲಿ ಬ್ಯಾರೆ ಮಾಡೀನಿ. ನೆಲದ ಮ್ಯಾಲೆ ಇರುವಾಗ ಎಸ್‌ಎಎಸ್ ಬಂದ್, ಗಾಳ್ಯಾಗ ಹಾರಿದಾಗ ಟಿ ಒತ್ತಿ ಚಾಲೂ.

ನೆಲದ ಮ್ಯಾಲೆ ಎಸ್‌ಎಎಸ್ ಯಾಕ ಬ್ಯಾಡಂದ್ರ, ಅದು ಹಠಮಾರಿ. ಏರ ಬಂದಾಗ ಗಾಡಿ ಮೂತಿ ಏಳಬೇಕಲ್ಲ, ‘ನಾ ಏಳಂಗಿಲ್ಲ’ ಅಂತೈತಿ. ತಿರುವಿನ್ಯಾಗ ಸ್ಟೀರಿಂಗ್ ಒಂದು ಕಡೆ, ಅದು ಒಂದು ಕಡೆ.

ಅರ್ಧಕಪ್‌ಕಾಫಿ · ಶನಿವಾರ ಸಂಜೆ 5:30

ಎಲ್ಲರಿಗೂ ಉದ್ದಂಡ ನಮಸ್ಕಾರ. ಕೀಲಿ ಬದಲಿಸಿದೆ. ಗಾಡಿ ಹೋಗ್ತಾ ಇದೆ! ನಾಲ್ಕೂ ಚಕ್ರ ನೆಲದ ಮೇಲೆ!

ಇದು ಆ ರಾತ್ರೀನೇ ನನಗೆ ಗೊತ್ತಿದ್ದಿದ್ರೆ ಕಾಫಿ ಆರೋ ಮೊದಲೇ ಮಲಗ್ತಿದ್ದೆ.

ಆದರೆ ಎಡಕ್ಕೆ ಎಳೆಯೋದು ಹಾಗೇ ಇದೆ. ನೇರ ಹೋಗಬೇಕು ಅಂದ್ರೆ ಬಲ ಕೀಲಿಯನ್ನು ತಟ್ಟುತ್ತಲೇ ಇರಬೇಕು. ಹಳೇ ಸೈಕಲ್‌ನ ಹ್ಯಾಂಡಲ್ ಬೆಂಡ್ ಆದಾಗ ತುಳಿದ ಹಾಗೆ.

ನಡುರಾತ್ರಿ · ಶನಿವಾರ ಸಂಜೆ 5:48

ಅಣ್ಣಾ ನಂದೂ ಒಂದು ಪ್ರಾಬ್ಲಂ ಇದೆ. ನನ್ನ ರೋವರ್ ಮಿನ್ಮಸ್ ಮೇಲಿದೆ. ಓಡುತ್ತೆ, ಆದರೆ ಬ್ರೇಕ್ ಹಾಕಿದ್ರೆ ಪಲ್ಟಿ. ಇಲ್ಲಾಂದ್ರೆ ಕಪ್ಪೆ ಥರ ಹಾರುತ್ತೆ. ನಿಂತಾಗಲೂ ಸುಮ್ನೆ ಕುಣೀತಾ ಇರುತ್ತೆ. ನಾನೂ ರಿಯಾಕ್ಷನ್ ವೀಲ್ ಆಫ್ ಮಾಡ್ಲಾ?

ಕಟ್ಟೆಕಾವಲು · ಮಾಡರೇಟರ್ · ಶನಿವಾರ ಸಂಜೆ 6:00

ತಮ್ಮಾ, ಒಬ್ಬರ ಥ್ರೆಡ್‌ನಲ್ಲಿ ಇನ್ನೊಬ್ಬರ ಗಾಡಿ ನಿಲ್ಲಿಸಬಾರದು. ಈ ಸಲ ಇರಲಿ, ಎರಡಕ್ಕೂ ನಂಟಿದೆ. ಮುಂದಿನ ಸಲ ಹೊಸದು ತೆರೆ.

ತುಕ್ಕುಬೋಲ್ಟ್ · ಶನಿವಾರ ಸಂಜೆ 6:25

ನಡುರಾತ್ರಿ, ನಿನ್ನದು ಬ್ರೇಕ್ ಹಾಕಿದಾಗ ಬೀಳುತ್ತೆ ಅಂದರೆ ರಿಯಾಕ್ಷನ್ ವೀಲ್ ಕಾರಣ ಅಲ್ಲ. ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಮಾತ್ರ ಗಟ್ಟಿ ಹಿಡಿದರೆ ಏನಾಗುತ್ತೆ? ಹಲ್ಲು ಮುರಿಯುತ್ತೆ. ಮುಂದಿನ ಎರಡು ಚಕ್ರದ ಬ್ರೇಕ್ ಬಲವನ್ನು ಸೊನ್ನೆಗೆ ಇಳಿಸು, ಹಿಂದಿನದಕ್ಕೆ ಮಾತ್ರ ಬಿಡು. ಅದನ್ನೂ ಅರ್ಧಕ್ಕಿಂತ ಕೆಳಗೆ ಇಡು. ಗಾಡಿ ನಿಲ್ಲೋಕೆ ದೂರ ಬೇಕಾಗುತ್ತೆ, ಆದರೆ ಬೀಳಲ್ಲ. ಮಿನ್ಮಸ್‌ನ ಆ ಚಪ್ಪಟೆ ಬಯಲುಗಳಲ್ಲಿ ದೂರಕ್ಕೇನು ಬರವಿಲ್ಲ.

ಕುಣಿಯೋದು ಸ್ಪ್ರಿಂಗ್ ದೆಸೆಯಿಂದ. ಸೆಟ್ಟಿಂಗ್ಸ್‌ನಲ್ಲಿ ‘ಅಡ್ವಾನ್ಸ್ಡ್ ಟ್ವೀಕಬಲ್ಸ್’ ಆನ್ ಮಾಡು. ಆಮೇಲೆ ಚಕ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಕಾಣಿಸುತ್ತೆ, ಎರಡೂ ಆಟೋದಲ್ಲಿರುತ್ತೆ. ಓವರ್‌ರೈಡ್ ಮಾಡಿ ಸ್ಪ್ರಿಂಗ್ ಇಳಿಸು, ಡ್ಯಾಂಪರ್ ಏರಿಸು. ಸ್ಪ್ರಿಂಗ್ ಅಂದರೆ ಎಷ್ಟು ಜೋರಾಗಿ ವಾಪಸ್ ತಳ್ಳುತ್ತೆ ಅಂತ, ಡ್ಯಾಂಪರ್ ಅಂದರೆ ಆ ತಳ್ಳಾಟವನ್ನು ಎಷ್ಟು ಬೇಗ ಸುಮ್ಮನಾಗಿಸುತ್ತೆ ಅಂತ. ಬಸ್ಸಿನ ಕೊನೇ ಸೀಟಲ್ಲಿ ಕೂತು ಹಂಪ್ ದಾಟಿದ್ದೀಯಲ್ಲ, ಅದು ಡ್ಯಾಂಪರ್ ಸತ್ತಿರುವ ಗಾಡಿ. ಮಿನ್ಮಸ್‌ನಲ್ಲಿ ಗುರುತ್ವ 0.49, ಕರ್ಬಿನ್‌ನ ಇಪ್ಪತ್ತರಲ್ಲಿ ಒಂದು ಪಾಲು. ನಿನ್ನ ಒಂದು ಟನ್ ಗಾಡಿ ಅಲ್ಲಿ 50 ಕೆಜಿ ಅಕ್ಕಿ ಮೂಟೆ ಇದ್ದಂಗೆ. ಅದಕ್ಕೆ ಲಾರಿ ಸ್ಪ್ರಿಂಗ್ ಹಾಕಿದರೆ ಹಾರದೆ ಇನ್ನೇನು?

ಒಂದು ಮಾತು. ಸೆಕೆಂಡಿಗೆ 5, 6 ಮೀಟರ್ ದಾಟಿಸಬೇಡ ಅಲ್ಲಿ. ದಿಬ್ಬ ಸಿಕ್ಕಿದರೆ ಇಳಿಯೋಕೆ ಅರ್ಧ ನಿಮಿಷ ತಗೊಳ್ಳುತ್ತೆ.

ಸಂಧ್ಯಾತಾರೆ · ಶನಿವಾರ ಸಂಜೆ 6:50

ಮಗ್ಗುಲಿಗೆ ಬೀಳೋರೂ ಇರ್ತಾರೆ, ಅದನ್ನೂ ಇಲ್ಲೇ ಹೇಳಿಬಿಡ್ತೀನಿ. ತಿರುವಿನಲ್ಲಿ ಮಗ್ಗುಲಾದ್ರೆ ಗಾಡಿ ಎತ್ತರ ಜಾಸ್ತಿ, ಅಗಲ ಕಮ್ಮಿ ಅಂತ ಅರ್ಥ. ಹಿಂದಿನ ಚಕ್ರದ ಸ್ಟೀರಿಂಗ್ ಆಫ್ ಮಾಡಿ. ನಾಲ್ಕೂ ಚಕ್ರ ತಿರುಗಿದ್ರೆ ಗಾಡಿ ಇದ್ದಲ್ಲೇ ಗಿರಕಿ ಹೊಡೆಯುತ್ತೆ, ನಿಧಾನಕ್ಕೆ ಹೋಗುವಾಗ ಅದು ಚೆಂದ, ಜೋರಾಗಿ ಹೋಗುವಾಗ ಅಲ್ಲ. ಫ್ರಿಕ್ಷನ್ ಕಂಟ್ರೋಲನ್ನೂ ಓವರ್‌ರೈಡ್ ಮಾಡಿ ಸ್ವಲ್ಪ ಇಳಿಸಿ. ಜಾರಿದರೆ ಪರವಾಗಿಲ್ಲ, ನೆಲ ಕಚ್ಚಿಕೊಂಡ ಚಕ್ರವೇ ಗಾಡಿಯನ್ನು ಉರುಳಿಸೋದು.

ಈಗ ಅರ್ಧಕಪ್‌ಕಾಫಿ ಅವರ ಎಡಕ್ಕೆ. ನ್ಯಾವ್‌ಬಾಲ್, ಅಂದ್ರೆ ಪರದೆ ಮೇಲೆ ದಿಕ್ಕು ತೋರಿಸೋ ಗೋಳ, ನೋಡಿ: ಗಾಡಿ ಸಮನೆಲದಲ್ಲಿ ನಿಂತಾಗ ಹಳದಿ ಗುರುತು ನೀಲಿ ಕಂದು ಕೂಡೋ ಗೆರೆ ಮೇಲೆ ಇದೆಯಾ? ಬರೀ ನೀಲಿ ಕಾಣ್ತಿದ್ರೆ ಕಂಟ್ರೋಲ್ ಮೇಲ್ಮುಖವಾಗಿದೆ, ಆಕ್ಟೋ ಮೇಲೆ ಅಥವಾ ಕ್ಯಾನ್ ಮೇಲೆ ‘ಕಂಟ್ರೋಲ್ ಫ್ರಂ ಹಿಯರ್’ ಕೊಡಬೇಕು. ಎರಡನೇದು, ಚಕ್ರಗಳನ್ನ ಯಾವ ಕಟ್ಟಡದಲ್ಲಿ ಜೋಡಿಸಿದ್ರಿ? ರಾಕೆಟ್ ಕಟ್ಟೋ ಕಟ್ಟಡದಲ್ಲಿ ಸಿಮೆಟ್ರಿ ಸುತ್ತುಗಟ್ಟೋ ಥರ ಇರುತ್ತೆ, ವಿಮಾನದ ಹ್ಯಾಂಗರ್‌ನಲ್ಲಿ ಕನ್ನಡಿ ಥರ. ರೋವರ್‌ಗೆ ಕನ್ನಡಿಯೇ ಬೇಕು.

ಅರ್ಧಕಪ್‌ಕಾಫಿ · ಶನಿವಾರ ರಾತ್ರಿ 8:15

ನ್ಯಾವ್‌ಬಾಲ್ ಸರಿ ಇದೆ, ಗೆರೆ ಮೇಲೇ ಇದೆ. ಹ್ಯಾಂಗರ್‌ನಲ್ಲೇ, ಕನ್ನಡಿ ಸಿಮೆಟ್ರಿಯಲ್ಲೇ ಕಟ್ಟಿದ್ದು. ಚಕ್ರ ಓರೆಯಾಗೇನೂ ಇಲ್ಲ, ಮುಂದಿನಿಂದ ನೋಡಿದೆ, ಗೂಟ ನೆಟ್ಟ ಹಾಗಿವೆ.

ಗಿರ್ಮಿಟ್‌ರಾಕೆಟ್ · ಶನಿವಾರ ರಾತ್ರಿ 8:40

ರನ್‌ವೇ ಮ್ಯಾಲೆ ಎಡಕ್ಕ ಎಳೀತಿತ್ತೇನು?

ಅರ್ಧಕಪ್‌ಕಾಫಿ · ಶನಿವಾರ ರಾತ್ರಿ 8:43

ಇಲ್ಲ. ಬಾಣದ ಹಾಗೆ ನೇರ ಹೋಗ್ತಿತ್ತು.

ಗಿರ್ಮಿಟ್‌ರಾಕೆಟ್ · ಶನಿವಾರ ರಾತ್ರಿ 8:45

ಅದಾದ ಮ್ಯಾಲೆ ಗಾಡಿಗೆ ಏನರೆ ಬದಲ್ ಮಾಡೀರೇನು?

ಅರ್ಧಕಪ್‌ಕಾಫಿ · ಶನಿವಾರ ರಾತ್ರಿ 8:47

ಏನೂ ಮಾಡಿಲ್ಲ. ಅದೇ ಗಾಡಿ ಸಾರ್.

ಗಿರ್ಮಿಟ್‌ರಾಕೆಟ್ · ಶನಿವಾರ ರಾತ್ರಿ 8:52

ಎಲ್ಲಾರೂ ಹಂಗ ಅಂತಾರ. ಇರ್ಲಿ. ನಾಲ್ಕೂ ಗಾಲಿ ಒಂದೊಂದ ರೈಟ್ ಕ್ಲಿಕ್ ಮಾಡ್ರಿ, ಓಡುವಾಗ ಕಿಟಕಿ ತೆರದ ಇಡ್ರಿ. ನಾಲ್ಕೂ ಒಂದ ಥರ ಅದಾವೋ ಇಲ್ಲೋ ನೋಡ್ರಿ. ಮೋಟರ್ ಚಾಲೂ ಐತೋ, ಮುರದೈತೋ, ಏನ ಬರದೈತಿ ಓದ್ರಿ. ಇಳಿಯುವಾಗ ಧಡ್ ಅಂತ ಇಳದಿದ್ರ ಒಂದು ಗಾಲಿ ಮುರದಿರಬಹುದು.

ತಾರಾಪಥ · ಶನಿವಾರ ರಾತ್ರಿ 9:30

ನಾನು ಬರೀ ಓದುಗ, ಈ ಆಟ ಆಡಿ ಮೂರು ತಿಂಗಳಷ್ಟೇ. ಆದರೆ ಇದನ್ನು ಓದುವಾಗ ಒಂದು ನೆನಪಾಯಿತು. 1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೆ ಮೊದಲ ಸಲ ಮನುಷ್ಯರು ಕೂತು ಓಡಿಸುವ ರೋವರ್ ಇಳಿಸಿದಾಗ, ಮೊದಲ ದಿನ ಮುಂದಿನ ಚಕ್ರಗಳ ಸ್ಟೀರಿಂಗ್ ಕೆಲಸವೇ ಮಾಡಲಿಲ್ಲ. ಆ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ ಸ್ಟೀರಿಂಗ್ ಇತ್ತು. ಡೇವಿಡ್ ಸ್ಕಾಟ್ ಬರೀ ಹಿಂದಿನದರಲ್ಲೇ ಓಡಿಸಿಕೊಂಡು ಹೋದರು. ಮರುದಿನ ನೋಡಿದರೆ ಮುಂದಿನದು ತಾನಾಗೇ ಸರಿಹೋಗಿತ್ತು. ಬರೀ 210 ಕೆಜಿ ಗಾಡಿ, ಒಂದೊಂದು ಚಕ್ರಕ್ಕೆ ಕಾಲು ಅಶ್ವಶಕ್ತಿಯ ಮೋಟರ್. ತುಕ್ಕುಬೋಲ್ಟ್ ಅವರ ಲೆಕ್ಕ ನೋಡಿದ ಮೇಲೆ ಅಷ್ಟು ಸಣ್ಣ ಮೋಟರ್ ಯಾಕೆ ಸಾಕಾಯಿತು ಅಂತ ಈಗ ಅರ್ಥವಾಯಿತು.

ನಮ್ಮ ಪ್ರಜ್ಞಾನ್ ಇನ್ನೂ ಹಗುರ, 26 ಕೆಜಿ, ಆರು ಚಕ್ರ, ಸೆಕೆಂಡಿಗೆ ಒಂದು ಸೆಂಟಿಮೀಟರ್. 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗಿಸಿ ಬೇರೆ ದಾರಿ ಹಿಡಿಸಿದರು. ಅವರ ಹತ್ತಿರ ಎಫ್9 ಇರಲಿಲ್ಲವಲ್ಲ.

ಕಡಲತಡಿ · ಶನಿವಾರ ರಾತ್ರಿ 9:41

ಸೆಕೆಂಡಿಗೆ ಒಂದು ಸೆಂಟಿಮೀಟರ್! ನಾನಾದರೆ ಕೀಬೋರ್ಡ್ ಎಸೀತಿದ್ದೆ.

ಅಂದ ಹಾಗೆ ನನ್ನ ನಾಲ್ಕು ರಿಯಾಕ್ಷನ್ ವೀಲ್‌ನಲ್ಲಿ ಮೂರು ಕಿತ್ತು ಬಿಸಾಡಿದೆ. ಗಾಡಿ ಸಮ ಹೋಗ್ತದೆ ಈಗ.

ಅರ್ಧಕಪ್‌ಕಾಫಿ · ಶನಿವಾರ ರಾತ್ರಿ 10:20

ಸಿಕ್ಕಿತು. ನಾಚಿಕೆ ಬಿಟ್ಟು ಹೇಳ್ತೀನಿ.

ಮೂರು ಚಕ್ರದ ಕಿಟಕಿಯಲ್ಲಿ ಎಲ್ಲ ಸರಿ ಇದೆ. ಎಡ ಮುಂದಿನ ಚಕ್ರದಲ್ಲಿ ‘ಬ್ಲಾಕ್ಡ್’ ಅಂತಿದೆ. ಏನಪ್ಪಾ ಇದು ಅಂತ ಕ್ಯಾಮೆರಾ ನೆಲಕ್ಕೆ ತಾಗಿಸಿ ಆ ಚಕ್ರದ ಹಿಂದೆ ಹೋದೆ. ಕ್ಯಾಬಿನ್ ಮತ್ತು ಚಕ್ರದ ನಡುವಿನ ಸಂದಿಯಲ್ಲಿ ಒಂದು ಝಡ್-100 ಬ್ಯಾಟರಿ ತೂರಿಕೊಂಡಿದೆ. ಅದರ ಒಂದು ಮೂಲೆ ಚಕ್ರದ ತೋಳಿನ ಒಳಗೇ ಹೋಗಿದೆ, ಬಾಗಿಲಿಗೆ ಸಿಕ್ಕಿಕೊಂಡ ಸೀರೆ ಸೆರಗಿನ ಹಾಗೆ.

ಆಗ ನೆನಪಾಯಿತು. ರನ್‌ವೇಲಿ ಓಡಿಸಿ ಬಂದ ಮೇಲೆ, ಬಾಬ್ ಇಳಿಯೋ ಏಣಿ ಹಾಕೋಕೆ ಜಾಗ ಬೇಕಿತ್ತು. ಎಡಗಡೆ ಬ್ಯಾಟರಿ ಅಡ್ಡ ಬರ್ತಿತ್ತು. ಆಫ್‌ಸೆಟ್ ಟೂಲ್ ಹಿಡಿದು ಮುಂದಕ್ಕೆ ನಾಲ್ಕು ಬೆರಳಷ್ಟು ಸರಿಸಿದೆ. ಏಣಿ ಒಂದೇ ಕಡೆ ಇರೋದ್ರಿಂದ ಸಿಮೆಟ್ರಿ ಬಿಡಿಸಿದ್ದೆ, ಹಾಗಾಗಿ ಬಲಗಡೆ ಬ್ಯಾಟರಿ ಇದ್ದಲ್ಲೇ ಇದೆ. ಮತ್ತೆ ಓಡಿಸಿ ನೋಡಲಿಲ್ಲ. ಬ್ಯಾಟರಿ ಸರಿಸೋದನ್ನ ‘ಬದಲಾವಣೆ’ ಅಂತ ನನ್ನ ಮನಸ್ಸು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಗಿರ್ಮಿಟ್‌ರಾಕೆಟ್ · ಶನಿವಾರ ರಾತ್ರಿ 10:28

😄 ನಾ ಏನೂ ಅನ್ನಂಗಿಲ್ಲ.

ಗಾಲಿ ಹತ್ರ ಬ್ಯಾರೆ ಭಾಗ ತುರುಕಿದ್ರ ಈ ಆಟ ಅದನ್ನ ಅಡ್ಡಿ ಅಂತ ತಿಳಕೊಂಡು ಗಾಲೀನ ನಿಂದರಸ್ತೈತಿ. 2016ರಾಗ 1.1 ಬಂದಾಗ ಆಟ ಯೂನಿಟಿ 5 ಅನ್ನೂ ಗೇಮ್ ಎಂಜಿನ್ನಿಗೆ ಹೋತು, ಗಾಲಿ ವ್ಯವಸ್ಥಾ ಪೂರಾ ಹೊಸದಾಗಿ ಬಂತು. ಅದಕ್ಕಿಂತ ಮೊದ್ಲ ಗಾಲೀನ ಡಬ್ಬಿ ಒಳಗ ಮುಚ್ಚಿಟ್ಟು ಸಹಿತ ಓಡಸ್ತಿದ್ವಿ. ಆ ವರ್ಷ ನಮ್ಮ ಹಳೇ ಗಾಡಿ ಎಷ್ಟು ಕೆಟ್ಟು ಕುಂತ್ವು ಅಂದ್ರ, ಹೇಳಿ ಮುಗಿಯಂಗಿಲ್ಲ.

ಸದ್ಯಕ್ಕ ಹಿಂಗ ಮಾಡ್ರಿ: ಬಲ ಮುಂದಿನ ಗಾಲಿ ಮೋಟರ್ ಬಂದ್ ಮಾಡ್ರಿ. ಎಡಕ್ಕ ಒಂದು ನಿಂತೈತಿ, ಬಲಕ್ಕ ಒಂದು ನಿಂದರಸ್ರಿ. ಹಿಂದಿನ ಎರಡರ ಮ್ಯಾಲೆ ಓಡಸ್ರಿ.

ಅರ್ಧಕಪ್‌ಕಾಫಿ · ಶನಿವಾರ ರಾತ್ರಿ 10:55

ಮಾಡಿದೆ. ಎಳೆತ ಮುಕ್ಕಾಲು ಪಾಲು ಹೋಯ್ತು, ಕಾಲು ಪಾಲು ಉಳಿದಿದೆ. ವೇಗವೂ ಕಮ್ಮಿಯಾಯ್ತು. ಕುಳಿ ಅಂಚು ಹತ್ತೋಕೆ ಹೋದರೆ ಹಿಂದಿನ ಚಕ್ರ ಧೂಳೆಬ್ಬಿಸುತ್ತೆ ಅಷ್ಟೇ, ಏರಲ್ಲ.

ಬಾಬ್‌ನ ಇಳಿಸಿ ಬ್ಯಾಟರಿ ಕಿತ್ತರೆ ಆಗಲ್ವಾ? 1.11ರಲ್ಲಿ ಹೊರಗೆ ನಿಂತು ಭಾಗ ಬಿಚ್ಚಿ ಜೋಡಿಸೋದು ಬಂತಲ್ಲ.

ಸಂಧ್ಯಾತಾರೆ · ಶನಿವಾರ ರಾತ್ರಿ 11:10

ಬಾಬ್ ಕೈಲಿ ಆಗಲ್ಲ, ಅವನು ವಿಜ್ಞಾನಿ. ಅದಕ್ಕೆ ಎಂಜಿನಿಯರ್ ಬೇಕು. ಬಿಲ್‌ನ ಕಳಿಸಿ. ಝಡ್-100 ಬರೀ 5 ಕೆಜಿ, ಸ್ಪಾನರ್ ಹಿಡಿದು ಎರಡು ನಿಮಿಷದ ಕೆಲಸ. ಹೋಗುವಾಗ ಅವನ ಚೀಲದಲ್ಲಿ ರಿಪೇರಿ ಕಿಟ್ ಎರಡು ಹಾಕಿರಿ, ಮುಂದೆ ಚಕ್ರ ಮುರಿದಾಗ ಬೇಕಾಗುತ್ತೆ.

ಮುಂದಿನ ಗಾಡಿಗೆ ಒಂದು ಮಾತು. ಮುನ್‌ಗೆ ಕಳಿಸಿ ಪರೀಕ್ಷೆ ಮಾಡೋದು ಬೇಡ. ರನ್‌ವೇ ಮೇಲೆ ನಿಂತು ಆಲ್ಟ್ ಎಫ್12 ಒತ್ತಿ, ಚೀಟ್ಸ್‌ನಲ್ಲಿ ‘ಹ್ಯಾಕ್ ಗ್ರಾವಿಟಿ’ ಇದೆ. 0.17ರ ಹತ್ತಿರ ಇಟ್ಟರೆ ಅದೇ ಮುನ್. 0.05 ಇಟ್ಟರೆ ಮಿನ್ಮಸ್. ಆಟದ ಮಂಗಳ ಗ್ರಹ ಡ್ಯೂನಾಗೆ 0.3. ಚೀಟ್ ಅನ್ನೋ ಹೆಸರಿಗೆ ಹೆದರಬೇಡಿ. ನಿಜವಾದ ರೋವರ್ ಕಟ್ಟೋರು ಕೂಡ ಇಲ್ಲೇ ಭೂಮಿ ಮೇಲೆ ಚಂದ್ರನ ಮಣ್ಣಿನಂಥ ಮಣ್ಣು ಹಾಕಿಕೊಂಡು ಓಡಿಸಿ ನೋಡಿಯೇ ಕಳಿಸೋದು.

ನಡುರಾತ್ರಿ · ಭಾನುವಾರ ಬೆಳಿಗ್ಗೆ 8:20

ಮುಂದಿನ ಬ್ರೇಕ್ ಸೊನ್ನೆ ಮಾಡಿದೆ, ಸ್ಪ್ರಿಂಗ್ ಇಳಿಸಿ ಡ್ಯಾಂಪರ್ ಏರಿಸಿದೆ. ಈಗ ಬೀಳ್ತಿಲ್ಲ! ಕುಣಿತಾನೂ ನಿಂತಿದೆ. ಆದ್ರೆ ಇಳಿಜಾರಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ ಊಟಕ್ಕೆ ಹೋಗಿ ಬಂದ್ರೆ ಗಾಡಿ ಇನ್ನೆಲ್ಲೋ ಇತ್ತು. ನಿಧಾನಕ್ಕೆ ಜಾರ್ಕೊಂಡು ಹೋಗಿದೆ.

ತುಕ್ಕುಬೋಲ್ಟ್ · ಭಾನುವಾರ ಬೆಳಿಗ್ಗೆ 9:00

ಅದು ಆಟದ ಹಳೇ ಕಾಯಿಲೆ, ನಿನ್ನ ತಪ್ಪಲ್ಲ. ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸು. ಇಲ್ಲದಿದ್ದರೆ ಗಾಡಿಗೆ ಎರಡು ಸಣ್ಣ ಲ್ಯಾಂಡಿಂಗ್ ಕಾಲು ಹಚ್ಚು, ನಿಂತಾಗ ಅವನ್ನು ಇಳಿಸಿದರೆ ಚಕ್ರ ನೆಲ ಬಿಟ್ಟು ಗಾಡಿ ಕಾಲಿನ ಮೇಲೆ ಕೂರುತ್ತೆ. ಎತ್ತಿನಗಾಡಿಗೆ ಕೊಡುವ ಊರುಗೋಲು ಇದ್ದಂಗೆ.

ಮತ್ತೆ ಊಟಕ್ಕೆ ಹೋಗುವಾಗ ಆಟ ಪಾಜ್ ಮಾಡಿ ಹೋಗೋದು ಕಲಿ ಮಾರಾಯ.

ಅರ್ಧಕಪ್‌ಕಾಫಿ · ಮುಂದಿನ ಗುರುವಾರ ರಾತ್ರಿ 12:35

ವರದಿ ಒಪ್ಪಿಸ್ತೀನಿ. ಬಿಲ್‌ನ ಸಣ್ಣ ಲ್ಯಾಂಡರ್‌ನಲ್ಲಿ ಕಳಿಸಿದೆ. ರೋವರ್ ಪಕ್ಕದಲ್ಲೇ ಇಳಿಸೋಣ ಅಂದುಕೊಂಡಿದ್ದೆ, ನಾಲ್ಕು ಕಿಲೋಮೀಟರ್ ಆಚೆ ಕುಳಿಯೊಳಗೆ ಇಳಿದ. ಕುಂಟುವ ರೋವರನ್ನೇ ಬಾಬ್ ಓಡಿಸಿಕೊಂಡು ಬಿಲ್ ಹತ್ತಿರ ಹೋದ. ಸೆಕೆಂಡಿಗೆ ಮೂರು ಮೀಟರ್, ಬಲ ಕೀಲಿ ತಟ್ಟುತ್ತಾ. 25 ನಿಮಿಷ ಹಿಡಿಯಿತು. ನಡುವೆ ಒಮ್ಮೆ ಅಭ್ಯಾಸಬಲದಿಂದ ಡಬ್ಲ್ಯೂ ಒತ್ತಿಬಿಟ್ಟೆ, ಮಕಾಡೆ. ಎಫ್9.

ಬಿಲ್ ಬ್ಯಾಟರಿ ಬಿಚ್ಚಿ ಕ್ಯಾಬಿನ್ ಹಿಂಭಾಗಕ್ಕೆ ಅಂಟಿಸಿದ. ಎಡ ಮುಂದಿನ ಚಕ್ರದ ಕಿಟಕಿಯಲ್ಲಿದ್ದ ‘ಬ್ಲಾಕ್ಡ್’ ಮಾಯ. ಬಲ ಮುಂದಿನ ಮೋಟರ್ ಆನ್ ಮಾಡಿ 8 ಹಿಡಿದೆ. ಕೈಬಿಟ್ಟು ನೋಡಿದೆ, ಗೀಟು ಎಳೆದ ಹಾಗೆ ನೇರ ಹೋಯ್ತು. ಕುಳಿ ಅಂಚನ್ನೂ ಹತ್ತಿತು.

ಗಿರ್ಮಿಟ್‌ರಾಕೆಟ್ · ಗುರುವಾರ ರಾತ್ರಿ 12:41

ಭಾರೀ ಆತು. ಈಗ ಬ್ಯಾಟರಿ ಹಿಂದ ಹಚ್ಚೀರಲ್ಲ, ಅದು ಹಿಂದಿನ ಗಾಲಿಗೆ ತಾಗತೈತೇನು ನೋಡೀರಿಲ್ಲೋ?

ಅರ್ಧಕಪ್‌ಕಾಫಿ · ಗುರುವಾರ ರಾತ್ರಿ 12:44

ನೋಡಿದೆ ಸಾರ್. ನಾಲ್ಕೂ ಕಿಟಕಿ ತೆರೆದು ನೋಡಿದೆ. ಒಂದು ಗೇಣು ಜಾಗ ಇದೆ.

ಕಡಲತಡಿ · ಗುರುವಾರ ರಾತ್ರಿ 12:50

ಬಿಲ್‌ನ ವಾಪಸ್ ಹೇಗೆ ತರುದು? ಅವನ ಲ್ಯಾಂಡರ್‌ನಲ್ಲಿ ಇಂಧನ ಉಂಟಾ?

ಅರ್ಧಕಪ್‌ಕಾಫಿ · ಗುರುವಾರ ರಾತ್ರಿ 1:03

ಕಾಫಿ ಬೆರೆಸಿಕೊಂಡು ಬರ್ತೀನಿ, ತಡೀರಿ.